ಕಪಿಲೆಯ ಮೂರನೆಯ ಕೀಲಿಕೈ

ನಾನೊಂದು ಹಿತ್ತಾಳೆಯ ಕೀಲಿಕೈ. ಹುಟ್ಟಿದಾಗಿನಿಂದ ಒಂದು ಬಾಗಿಲನ್ನೂ ತೆರೆದಿಲ್ಲ, ಒಂದು ಪೆಟ್ಟಿಗೆಯ ಮುಚ್ಚಳವನ್ನೂ ಎತ್ತಿಸಿಲ್ಲ. ಬೀರುವಿನ ಕೀಲಿ, ಸ್ಕೂಟರಿನ ಕೀಲಿ, ಸೂಟ್‌ಕೇಸಿನ ಚಿಲ್ಲರೆ ಕೀಲಿ ಎಲ್ಲವೂ ನನ್ನ ನೆಂಟರೇ. ಆದರೆ ಅವುಗಳ ಸಹವಾಸ ನನಗೆ ಅಷ್ಟಕ್ಕಷ್ಟೆ. ಇದನ್ನು ಜಂಬ ಎಂದು ಯಾರಾದರೂ ಅಂದರೆ ಅನ್ನಲಿ. ನನ್ನ ಕೆಲಸ ಏನೆಂದು ಕೇಳಿದ ಮೇಲೆ ನೀವೂ ಸ್ವಲ್ಪ ಜಂಬಕ್ಕೆ ಅವಕಾಶ ಕೊಡುತ್ತೀರಿ ಎಂದು ನಂಬಿದ್ದೇನೆ.

ಉತ್ತರದ ಕಡೆಯ ಒಂದು ಬೀಗದ ಕಾರ್ಖಾನೆಯಲ್ಲಿ ನನ್ನ ಜನನ. ಕಣ್ಣು ಕಿರಿದು ಮಾಡಿಕೊಂಡ ಒಬ್ಬ ಮುದುಕ ಅರ ಹಿಡಿದು ನನ್ನ ಹಲ್ಲುಗಳನ್ನು ಒಂದೊಂದಾಗಿ ಉಜ್ಜಿದ, ಪುಡಿಯನ್ನು ಉಫ್ ಎಂದು ಊದಿದ, ತಲೆಯ ಮೇಲೆ ಮೂರು ಎಂದು ಕೆತ್ತಿದ. ನಾವು ಐದು ಜನ ಒಡಹುಟ್ಟಿದವರು. ಒಬ್ಬರ ಹಲ್ಲು ಒಬ್ಬರಂತಿಲ್ಲ, ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುವಂತಿಲ್ಲ. ಕಬ್ಬಿಣ ಬೇಡ, ಹಿತ್ತಾಳೆಯೇ ಆಗಬೇಕು, ಅಯಸ್ಕಾಂತಕ್ಕೆ ಅಂಟುವಂಥದ್ದು ಕೂಡದು ಎಂದು ನಮ್ಮನ್ನು ತರಿಸಿಕೊಂಡವರು ಮೊದಲೇ ಹೇಳಿ ಕಳಿಸಿದ್ದರು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ರೈಲು, ಲಾರಿ, ಕೊನೆಗೆ ಒಂದು ಜೀಪು ಹತ್ತಿ ಬಂದು ಇಳಿದದ್ದು ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯ ಒಂದು ಪ್ರಯೋಗಾಲಯದಲ್ಲಿ. ಅಲ್ಲಿ ಎತ್ತರದ ಸೂರಿನ ಒಂದು ಹಾಲಿನ, ಅಂದರೆ ಭಾರಿ ಕೋಣೆಯ, ನಡುವೆ ಒಂದು ಯಂತ್ರ ಕೂತಿತ್ತು. ಪಕ್ಕದಲ್ಲಿ ಹರಿಯುವ ಹೊಳೆಯ ಹೆಸರನ್ನೇ ಅದಕ್ಕೂ ಇಟ್ಟಿದ್ದರು, ಕಪಿಲಾ ಎಂದು. ನೋಡುವುದಕ್ಕೆ ಉಕ್ಕಿನ ದೊಡ್ಡ ಕೋಡುಬಳೆ. ಒಳಗೆ ಟೊಳ್ಳು. ಆ ಕೋಡುಬಳೆಯ ಸುತ್ತ ತಾಮ್ರದ ಸುರುಳಿಗಳು, ತಂತಿಗಳು, ಪಂಪುಗಳು, ಕಣ್ಣಿನಂಥ ಗಾಜಿನ ಕಿಟಕಿಗಳು.

ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಚಿಟಿಕೆಯಷ್ಟು ಹೈಡ್ರೋಜನ್ ಬಿಟ್ಟು, ಅದಕ್ಕೆ ಭಾರಿ ವಿದ್ಯುತ್ ಹರಿಸಿದರೆ ಆ ಅನಿಲ ಕಾದು ಕಾದು ಪ್ಲಾಸ್ಮಾ ಆಗುತ್ತದೆ. ಸೂರ್ಯನ ಮೈಯೆಲ್ಲ ಅದೇ. ಅಷ್ಟು ಬಿಸಿಯಾದದ್ದನ್ನು ಯಾವ ಪಾತ್ರೆಯೂ ತಡೆಯಲಾರದು. ಅದಕ್ಕೇ ತಾಮ್ರದ ಸುರುಳಿಗಳಲ್ಲಿ ಕರೆಂಟು ಹರಿಸಿ, ಅಯಸ್ಕಾಂತದ ಬಲದಿಂದ ಗೋಡೆಗೆ ತಾಗದಂತೆ ಅದನ್ನು ನಡುವಿನಲ್ಲಿ ಹಿಡಿಯುತ್ತಾರೆ. ಹಿಡಿಯುತ್ತಾರೆ ಎಂದರೆ ಎಷ್ಟು ಹೊತ್ತು? ನೀವು ರೆಪ್ಪೆ ಬಡಿಯುವಷ್ಟು. ಅಷ್ಟರೊಳಗೆ ಅದು ಅಂಚಿನಲ್ಲಿ ಕುದಿದು, ನುಸುಳಿ, ಗೋಡೆಗೆ ಬಡಿದು ಸತ್ತುಹೋಗುತ್ತದೆ. ಇನ್ನಷ್ಟು ಹೊತ್ತು ಹಿಡಿಯುವುದು ಹೇಗೆ ಎಂದು ಓದಿದವರೆಲ್ಲ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಕಪಿಲಾ ಯಂತ್ರದಿಂದ ಒಂದು ದೀಪಕ್ಕಾಗುವಷ್ಟು ಕರೆಂಟೂ ಹುಟ್ಟಲಿಲ್ಲ. ಅದು ಕಲಿಯುವುದಕ್ಕಾಗಿ ಇದ್ದ ಯಂತ್ರ.

ಹೀಗೆ ಯಂತ್ರವನ್ನು ಒಂದು ಸಲ ಚಲಾಯಿಸುವುದಕ್ಕೆ ಅಲ್ಲಿಯವರು ಶಾಟ್ ಹೊಡೆಯುವುದು ಎನ್ನುತ್ತಿದ್ದರು. ಶಾಟ್ ಹೊಡೆಯುವಾಗ ಹಾಲಿನೊಳಗೆ ಮನುಷ್ಯರು ಇರಬಾರದು. ಇದ್ದರೆ ಬದುಕುವುದಿಲ್ಲ. ನಮ್ಮ ಕೆಲಸ ಬರುವುದು ಇಲ್ಲೇ. ಪಕ್ಕದ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಒಂದು ಬೋರ್ಡು. ಅದರಲ್ಲಿ ಐದು ತೂತು, ಪಕ್ಕದಲ್ಲಿ ಐದು ಹೆಸರು, ಹೆಸರಿನ ಮುಂದೆ ಒಂದೊಂದು ಕೆಂಪು ದೀಪ. ಹಾಲಿಗೆ ಹೋಗುವವರು ತಮ್ಮ ಕೀಲಿಯನ್ನು ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡು ಹೋಗಬೇಕು. ತೆಗೆದ ತಕ್ಷಣ ಅವರ ದೀಪ ಹತ್ತುತ್ತದೆ, ಶಾಟ್ ಹೊಡೆಯುವ ಗುಂಡಿ ಸತ್ತುಹೋಗುತ್ತದೆ. ಅವರು ಹೊರಗೆ ಬಂದು ಕೀಲಿಯನ್ನು ಮತ್ತೆ ಅದರ ತೂತಿಗೆ ಹಾಕಿ ತಿರುಗಿಸುವ ತನಕ ಯಾರು ಎಷ್ಟು ಗುದ್ದಿದರೂ ಆ ಗುಂಡಿ ಮಿಸುಕುವುದಿಲ್ಲ. ಜೋಡಿ ಕೀಲಿ ಮಾಡಿಸುವಂತಿಲ್ಲ. ಜೋಡಿ ಇದ್ದರೆ ಒಬ್ಬರು ಒಳಗಿರುವಾಗಲೇ ಇನ್ನೊಬ್ಬರು ಅದನ್ನು ಹಾಕಿ ಗುಂಡಿ ಒತ್ತಿಬಿಡಬಹುದಲ್ಲ. ನನ್ನಂಥದ್ದು ಲೋಕದಲ್ಲಿ ನಾನೊಬ್ಬನೇ ಎಂದು ಹೇಳಿಕೊಳ್ಳುವ ಹಕ್ಕು ನನಗೆ ಹೀಗೆ ಬಂದದ್ದು.

ನನ್ನ ಮೊದಲ ಯಜಮಾನ ಬಿಳಿಗಿರಯ್ಯ. ಗಾಳಿ ಹೀರುವ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್. ಅವರ ಜೇಬಿನಲ್ಲಿ ನಶ್ಯದ ಡಬ್ಬಿಯ ಪಕ್ಕ ಮಲಗಿ ಮಲಗಿ ನನ್ನ ಮೈಗೆಲ್ಲ ಘಾಟು ಹತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ಬಾಯಿ ತುಂಬ ಗೊಣಗಾಟ. ಅವರು ರಿಟೈರಾದ ದಿನ ಹಾರ ಹಾಕಿಸಿಕೊಂಡು, ಮೈಸೂರು ಪಾಕು ತಿಂದು, ನನ್ನನ್ನು ಬೋರ್ಡಿಗೆ ಹಾಕಿ, "ಹೋಗ್ಬರ್ತೀನಪ್ಪ ಮೂರು" ಎಂದು ನನಗೂ ಒಂದು ಮಾತು ಹೇಳಿಯೇ ಹೋದರು. ಮರುವಾರ ಬೋರ್ಡಿನ ಮೇಲೆ ಹೊಸ ಹೆಸರು ಅಂಟಿಸಿದರು, ದಾಕ್ಷಾಯಿಣಿ.

ಎಲ್ಲರಿಗೂ ಅವರು ಮೇಡಂ. ಜೇಬಿನೊಳಗೆ ಬೆಚ್ಚಗೆ ಕೂತು ಎದೆಬಡಿತ ಕೇಳುತ್ತಿದ್ದ ನನಗೆ ಅವಳು ಅವಳೇ. ಕೊಳ್ಳೇಗಾಲದ ಕಡೆಯವಳು. ಗಟ್ಟಿಯಾಗಿ ನಗುವವಳು, ಬೇಗ ರೇಗುವವಳು. ಪ್ಲಾಸ್ಮಾದ ಅಂಚಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಅಳೆಯುವುದು ಅವಳ ಕೆಲಸ. ಅಂಚಿಗೆ ಒಂದು ಸಣ್ಣ ಸೂಜಿಯನ್ನು ತೂರಿಸಿ ಅಲ್ಲಿಯ ಕುದಿತವನ್ನು ಪರದೆಯ ಮೇಲೆ ಗೀಟಾಗಿ ನೋಡುತ್ತಿದ್ದಳು. ಆ ಗೀಟು ಸದಾ ನಡುಗುತ್ತಿತ್ತು. ಅದು ನಡುಗುವಷ್ಟು ಹೊತ್ತೂ ಒಳಗಿನ ಬಿಸಿ ಸೋರಿಹೋಗುತ್ತಿದೆ ಎಂದರ್ಥ. ಅದನ್ನು ಸುಮ್ಮನಾಗಿಸಬೇಕು ಎಂಬುದು ಅವಳ ಹಟ.

ಯಂತ್ರ ನಡೆಸುವ ಗುಂಡಿ ಇದ್ದದ್ದು ಮಹದೇವಪ್ರಸಾದನ ಕೈಯಲ್ಲಿ. ಅವಳ ಗಂಡ. ಇಬ್ಬರೂ ಒಂದೇ ಕಡೆ ಕೆಲಸಕ್ಕೆ ಸೇರಿ, ಜಗಳವಾಡಿ, ಆಮೇಲೆ ಮದುವೆಯಾದವರು. ಮಕ್ಕಳಿರಲಿಲ್ಲ. ಸುರಕ್ಷತೆಯ ಹೊಣೆಯೂ ಅವನದೇ. ಕೀಲಿಯ ನಿಯಮಗಳನ್ನು ಬರೆದದ್ದು, ಅವನ್ನು ಮುರಿದವರ ಮೇಲೆ ಹರಿಹಾಯುತ್ತಿದ್ದದ್ದು ಎಲ್ಲ ಅವನೇ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಕೀಲಿ ತೆಗೆದುಕೊಳ್ಳದೆ ಹಾಲಿಗೆ ಕಾಲಿಟ್ಟರು ಎಂದು ಆ ದಿನದ ಕೆಲಸವನ್ನೇ ನಿಲ್ಲಿಸಿಬಿಟ್ಟಿದ್ದ.

ಆ ಗಂಡ ಹೆಂಡತಿಯ ಒಂದು ಪದ್ಧತಿ ಹೇಳಬೇಕು. ಹಾಲಿಗೆ ಹೋಗುವ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆದಿಡಬೇಕು. ಉಳಿದವರು ಬಾಗಿಲ ಹತ್ತಿರದ ತಟ್ಟೆಯಲ್ಲಿ ಬಿಚ್ಚಿಡುತ್ತಿದ್ದರು. ಅವಳು ಮಾತ್ರ ನೇರ ಗಂಡನ ಹತ್ತಿರ ಬಂದು ಬಳೆ, ಉಂಗುರ, ಮಾಂಗಲ್ಯದ ಸರ ತೆಗೆದು ಅವನ ಅಂಗೈಗೆ ಹಾಕುತ್ತಿದ್ದಳು. ಅವನು ಅದನ್ನು ಅಂಗಿಯ ಜೇಬಿಗೆ ಇಳಿಸುತ್ತಿದ್ದ. ಅವಳು ನನ್ನನ್ನು ತಿರುಗಿಸಿ ತನ್ನ ಕೋಟಿನ ಜೇಬಿಗೆ ಇಳಿಸುತ್ತಿದ್ದಳು.

"ನನ್ನ ಮಾಂಗಲ್ಯ ನಿಮ್ಮ ಜೇಬಲ್ಲಿ, ನಿಮ್ಮ ಮೆಷಿನ್ನು ನನ್ನ ಜೇಬಲ್ಲಿ. ನೋಡೋಣ, ಯಾರು ಯಾರನ್ನ ಕಾಯಿಸ್ತಾರೆ ಅಂತ" ಎಂದು ಅವಳು ಹೇಳಿದರೆ, ಅವನು ಪರದೆಯಿಂದ ಕಣ್ಣು ತೆಗೆಯದೆ "ಬೇಗ ಬಾ ಕಣೇ" ಎನ್ನುತ್ತಿದ್ದ. ಅಷ್ಟೇ. ಆದರೆ ಅವಳ ದೀಪ ಉರಿಯುತ್ತಿರುವಷ್ಟು ಹೊತ್ತು ಅವನು ಕಾಫಿಯನ್ನೂ ಮುಟ್ಟುತ್ತಿರಲಿಲ್ಲ ಎಂದು ಬೋರ್ಡಿನಲ್ಲೇ ಉಳಿದಿರುತ್ತಿದ್ದ ನನ್ನ ಒಡಹುಟ್ಟಿದವರು ನನಗೆ ಚಾಡಿ ಹೇಳಿದ್ದರು. ಅವಳು ಬರುವ ಹೊತ್ತಿಗೆ ಲೋಟದ ಮೇಲೆ ಕೆನೆ ಕಟ್ಟಿರುತ್ತಿತ್ತಂತೆ. ಅವಳು ಅದನ್ನು ನೋಡಿ ಬೈದು, ತಾನೇ ಕುಡಿದು, ಅವನಿಗೆ ಬೇರೆ ತರಿಸುತ್ತಿದ್ದಳು.

ಹೀಗೆ ಎಷ್ಟೋ ವರ್ಷ ಕಳೆದವು. ಆ ವರ್ಷಗಳಲ್ಲಿ ನಾನು ಸುಖವಾಗಿದ್ದೆ. ಅವಳು ಯಂತ್ರದ ಕೆಳಗೆ ಅಂಗಾತ ಮಲಗಿ ನಟ್ಟು ಬಿಗಿಯುವಾಗ ನಾನು ಅವಳ ಪಕ್ಕೆಗೆ ಒತ್ತುತ್ತಿದ್ದೆ. ಬೇಸರವಾದಾಗ ಬೆರಳಿನಿಂದ ನನ್ನ ಹಲ್ಲುಗಳನ್ನು ಸವರುತ್ತ ಯೋಚಿಸುತ್ತಿದ್ದಳು. ನನ್ನ ಹಲ್ಲು ಸವೆದಿದ್ದರೆ ಬೀಗದಿಂದಲ್ಲ, ಅವಳ ಹೆಬ್ಬೆರಳಿನಿಂದ.

ಕಪಿಲಾ ಯಂತ್ರವನ್ನು ಮುಚ್ಚುತ್ತಾರೆ ಎಂಬ ಸುದ್ದಿ ಒಂದು ಚಳಿಗಾಲದಲ್ಲಿ ಬಂತು. ಬೇರೆ ರಾಜ್ಯದಲ್ಲಿ ಇದಕ್ಕಿಂತ ದೊಡ್ಡದು ಎದ್ದಿದೆ, ಈ ಹಳೆಯದಕ್ಕೆ ಮಾರ್ಚ್ ತಿಂಗಳ ಕೊನೆಯವರೆಗೆ ಮಾತ್ರ ವಿದ್ಯುತ್ ಎಂದು ಮುಖ್ಯಸ್ಥ ಪದ್ಮನಾಭ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ದಾಕ್ಷಾಯಿಣಿ ಮರುದಿನದಿಂದ ಒಂದು ಹೊಸ ಎಲೆಕ್ಟ್ರೋಡ್ ಮಾಡಿಸಲು ಹಿಡಿದಳು. ಬೆರಳ ತುದಿಯಷ್ಟು ಗಾತ್ರದ್ದು. ಅದನ್ನು ಪ್ಲಾಸ್ಮಾದ ಅಂಚಿನೊಳಗೆ ಸರಿಯಾದ ಆಳಕ್ಕೆ ಇಟ್ಟು, ಶಾಟಿನ ನಡುವೆ ಅದಕ್ಕೆ ವೋಲ್ಟೇಜ್ ಕೊಟ್ಟರೆ ಅಂಚಿನ ಕುದಿತ ತಣಿಯುತ್ತದೆ ಎಂಬುದು ಅವಳ ಲೆಕ್ಕಾಚಾರ. ಹೆಚ್ಚು ಒಳಗಿಟ್ಟರೆ ಪ್ಲಾಸ್ಮಾ ಸಾಯುತ್ತದೆ, ಹೊರಗಿಟ್ಟರೆ ಏನೂ ಆಗುವುದಿಲ್ಲ.

ಅವಳ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಇಂಚರ ಎಂಬ ಹುಡುಗಿಗೆ ಇದನ್ನು ಅವಳು ವಿವರಿಸಿದ್ದು ಹೀಗೆ: "ಉಕ್ಕೋ ಹಾಲಿಗೆ ಒಂಚೂರು ನೀರು ಚಿಮುಕಿಸಿದ ಹಾಗೆ ಕಣೇ. ಜಾಸ್ತಿ ಸುರಿದ್ರೆ ಹಾಲು ಹಾಳು. ಎಷ್ಟು ಅಂತ ಕೈಗೆ ಗೊತ್ತಾಗ್ಬೇಕು."

ಅವಳು ಆ ಎಲೆಕ್ಟ್ರೋಡನ್ನು ಕೊನೆಯ ಆಳಕ್ಕೆ ಇಟ್ಟು ಬಿಗಿದದ್ದು ಮಾರ್ಚ್ ತಿಂಗಳ ಮೊದಲ ವಾರದ ಒಂದು ಸಂಜೆ. ಹೊರಗೆ ಬಂದು ನನ್ನನ್ನು ಬೋರ್ಡಿಗೆ ಹಾಕಿದ್ದರೆ ಆಗಲೇ ಶಾಟ್ ಹೊಡೆಯುವುದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಬೋರ್ಡಿಗೂ ಪಂಪುಗಳಿಗೂ ಬ್ಯಾಟರಿ ಇತ್ತು, ಯಂತ್ರಕ್ಕೆ ಇರಲಿಲ್ಲ. ಪ್ರಸಾದ ಕಂಟ್ರೋಲ್ ರೂಮು ಬಿಟ್ಟು ಸಬ್‌ಸ್ಟೇಷನ್ ಕಡೆ ಓಡಿದ್ದ. ಅವಳು ಬಂದು ಅವನ ಖಾಲಿ ಕುರ್ಚಿ ನೋಡಿದಳು. ಸರ ಅವನ ಜೇಬಿನಲ್ಲಿ, ನಾನು ಅವಳ ಜೇಬಿನಲ್ಲಿ. ಅವನು ಬಂದ ಮೇಲೆ ಎರಡನ್ನೂ ಒಟ್ಟಿಗೇ ಬದಲಾಯಿಸಿಕೊಂಡರಾಯಿತು ಎಂದುಕೊಂಡಳೋ ಏನೋ, ನನ್ನನ್ನು ತೆಗೆಯದೆ ಹಾಗೇ ಕ್ಯಾಂಟೀನಿಗೆ ನಡೆದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಬೋರ್ಡಿಗೆ ಹಾಕದೆ ಹೊರಟದ್ದು ಅದೊಂದೇ ಸಲ.

ಕ್ಯಾಂಟೀನಿನಲ್ಲಿ ಟೀ ಹೇಳಿದಳು. ತಲೆ ಸಿಡಿಯುತ್ತಿದೆ ಎಂದಳು. ಕೈ ಜೇಬಿಗೆ ಬಂದು ನನ್ನನ್ನು ಹಿಡಿಯಿತು. ಎಂದಿನಂತೆ ಸವರುವ ಹಿಡಿತವಲ್ಲ, ಬಿಗಿಯಾದ ಹಿಡಿತ. ಅವಳು ಬಿದ್ದಾಗ ನಾನು ಅವಳ ಮುಷ್ಟಿಯಲ್ಲೇ ಇದ್ದೆ. ಮೆದುಳಿನ ರಕ್ತನಾಳ ಒಡೆದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ನರ್ಸೊಬ್ಬಳು ನನ್ನನ್ನು ಅವಳ ಬೆರಳುಗಳಿಂದ ಬಿಡಿಸಿ, ಕ್ಲಿಪ್ಪು, ಚಪ್ಪಲಿಗಳ ಜೊತೆ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಪ್ರಸಾದನ ಕೈಗೆ ಕೊಟ್ಟಳು. ಅವಳು ಮತ್ತೆ ಕಣ್ಣು ಬಿಡಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ಮಾಂಗಲ್ಯದ ಸರವನ್ನು ಅವನು ತನ್ನ ಜೇಬಿನಿಂದ ತೆಗೆದು ತಾನೇ ಅವಳ ಕೊರಳಿಗೆ ಹಾಕಿದ. ಅರಿಸಿನ, ಕುಂಕುಮ, ಹೂವು ಇಟ್ಟು ಊರಿನ ಹೆಂಗಸರು ಅವಳನ್ನು ಸಿಂಗರಿಸಿದರು. ಕೊಳ್ಳೇಗಾಲದ ಅವಳ ತವರಿನ ತೋಟದಲ್ಲಿ, ಅವರ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಿದರು. ಸ್ವಾಮಿಗಳು ವಿಭೂತಿ ಹಾಕಿ, ಎಲ್ಲರೂ ಬಿಲ್ವಪತ್ರೆ ಹಾಕಿ, ಕೊನೆಗೆ ಅವನ ಸರದಿ ಬಂತು. ಅವನ ಮುಷ್ಟಿಯಲ್ಲಿ ಪತ್ರೆಯ ಜೊತೆ ನಾನೂ ಇದ್ದೆ. ಕೈ ಸಮಾಧಿಯ ಕುಳಿಯ ಮೇಲೆ ಚಾಚಿತು, ಬೆರಳುಗಳು ಸಡಿಲವಾದವು. ಹಾಕಿಬಿಡು ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ. ಅವಳ ಜೊತೆ ಹೋಗುವ ಆಸೆ ನನಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಪತ್ರೆ ಉದುರಿತು. ನನ್ನನ್ನು ಮಾತ್ರ ಅವನು ಮತ್ತೆ ಬಿಗಿಯಾಗಿ ಹಿಡಿದುಕೊಂಡ.

ಶಿವಗಣಾರಾಧನೆ ಮುಗಿಸಿಕೊಂಡು ಅವನು ಕೆಲಸಕ್ಕೆ ಬಂದ. ಬೋರ್ಡಿನಲ್ಲಿ ಮೂರನೆಯ ತೂತು ಖಾಲಿ ಇತ್ತು. ದಾಕ್ಷಾಯಿಣಿ ಎಂಬ ಹೆಸರಿನ ಮುಂದೆ ಕೆಂಪು ದೀಪ ಉರಿಯುತ್ತಲೇ ಇತ್ತು. ನಾನು ಅವನ ಅಂಗಿಯ ಜೇಬಿನಲ್ಲಿದ್ದೆ, ಅವಳ ಸರ ಇರುತ್ತಿದ್ದ ಜಾಗದಲ್ಲಿ. ತೆಳು ಬಟ್ಟೆಯಾದ್ದರಿಂದ ಆ ಕೆಂಪು ನನಗೂ ಕಾಣುತ್ತಿತ್ತು. ಅವನು ಕುರ್ಚಿ ಎಳೆದು ಅದರ ಎದುರು ಕೂತ. ಯಾರೋ ಕಾಫಿ ತಂದಿಟ್ಟರು. ಅವನು ಮುಟ್ಟಲಿಲ್ಲ.

ಇಂಚರ ಬಂದು ನಿಂತಳು. "ಸರ್, ಮೇಡಂ ಕೀ ಎಲ್ಲೂ ಸಿಕ್ತಿಲ್ಲ. ಆಸ್ಪತ್ರೇಲಿ ಏನಾದ್ರೂ ಕೊಟ್ರಾ?"

"ಇಲ್ಲಮ್ಮ" ಎಂದ ಅವನು. ಜೇಬಿನಲ್ಲಿದ್ದ ನನಗೆ ಮೈಯೆಲ್ಲ ತಣ್ಣಗಾಯಿತು. ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆಮೇಲೆ ಹುಡುಕಾಟ ಶುರುವಾಯಿತು. ಎಲೆಕ್ಟ್ರೋಡ್ ಅವಳು ಇಟ್ಟ ಆಳದಲ್ಲೇ ಇದೆ, ಮಾರ್ಚ್ ಮುಗಿಯುತ್ತ ಬಂದಿದೆ, ನಾನಿಲ್ಲದೆ ಶಾಟ್ ಇಲ್ಲ. ತಿಂಗಳು ಮುಗಿದರೆ ಅವಳ ಲೆಕ್ಕ ಸರಿಯಿತ್ತೋ ತಪ್ಪಿತ್ತೋ ಎಂದು ತಿಳಿಯುವುದಕ್ಕೆ ಈ ಭೂಮಿಯ ಮೇಲೆ ದಾರಿಯೇ ಇರುವುದಿಲ್ಲ. ಹೊಸ ಬೀಗ ತರಿಸೋಣವೆಂದರೆ ನನ್ನ ತವರು ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಇಂಚರ ಹಾಲಿನ ನೆಲವನ್ನು ಮೊಣಕಾಲೂರಿ ತಡಕಿದಳು. ತೊಳೆಯಲು ಹಾಕಿದ ಕೋಟುಗಳ ಜೇಬು ತಡಕಿದಳು. ಕ್ಯಾಂಟೀನಿನ ಹಿಂದಿನ ಕಸದ ಗುಡ್ಡೆಯನ್ನು ಕೋಲಿನಿಂದ ಕೆದಕಿದಳು. ಚರಟ, ಟೀಪುಡಿ, ಕೊಳೆತ ಟೊಮೆಟೊ ನಡುವೆ ಅವಳು ಬಗ್ಗಿ ನಿಂತಿದ್ದನ್ನು ಪ್ರಸಾದ ಕಿಟಕಿಯಿಂದ ನೋಡಿದ. ನಾನೂ ನೋಡಿದೆ. ಇಷ್ಟಾದರೂ ಅವನ ಕೈ ಜೇಬಿಗೆ ಬರಲಿಲ್ಲ. ಆ ಹೊತ್ತು ನನಗೆ ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಕನಿಕರ ಬಂತು.

ಪದ್ಮನಾಭ ಒಂದು ದಿನ ಬಾಗಿಲು ಹಾಕಿಕೊಂಡು ಅವನ ಪಕ್ಕ ಕೂತರು. "ಪ್ರಸಾದ್, ಬೋರ್ಡಿನ ಹಿಂದೆ ಎರಡು ವೈರು ಸೇರಿಸಿದ್ರೆ ಮುಗೀತು. ರೂಲ್ಸ್ ಬರೆದವರು ನೀವು, ನೀವೇ ಸೈನ್ ಹಾಕಿದ್ರೆ ಯಾರೂ ಕೇಳಲ್ಲ. ದಾಕ್ಷಾಯಿಣಿಯವರ ಎಕ್ಸ್‌ಪೆರಿಮೆಂಟು ಕಣ್ರೀ ಇದು, ನಂದಲ್ಲ."

"ಅವಳ ಲೈಟು ಉರೀತಿದೆ ಸರ್" ಎಂದ ಅವನು. "ಉರೀತಿರುವಾಗ ನನ್ನ ಕೈಲಿ ಹೇಗೆ ಒತ್ತಿಸ್ತೀರಿ?"

ಪದ್ಮನಾಭ ಅದನ್ನು ನಿಯಮದ ಮಾತೆಂದೇ ತಿಳಿದು, ಈ ಮನುಷ್ಯನ ಶಿಸ್ತಿಗೆ ತಲೆದೂಗಿ ಎದ್ದು ಹೋದರು. ಅವನು ಏನು ಹೇಳಿದನೆಂದು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಅವನು ಆ ದೀಪವನ್ನು ಒಂದೇ ರೀತಿ ಓದಿದ್ದ. ಉರಿಯುತ್ತಿದ್ದರೆ ಅವಳು ಒಳಗೆ ಕೆಲಸ ಮಾಡುತ್ತಿದ್ದಾಳೆ, ಇನ್ನೇನು ಬರುತ್ತಾಳೆ, ಬಂದು ಬಳೆ ಕೇಳುತ್ತಾಳೆ. ಮನೆಯಲ್ಲಿ ಅವಳಿರಲಿಲ್ಲ, ಸಮಾಧಿಯಲ್ಲಿ ಅವಳಿದ್ದಾಳೆಂದು ಅವನ ಮನಸ್ಸು ಒಪ್ಪುತ್ತಿರಲಿಲ್ಲ. ಈ ಬೋರ್ಡಿನ ಮೇಲೆ ಮಾತ್ರ ಅವಳು ಇನ್ನೂ ಇದ್ದಳು. ನನ್ನನ್ನು ತೂತಿಗೆ ಹಾಕಿ ತಿರುಗಿಸಿದರೆ ಅಲ್ಲಿಂದಲೂ ಅವಳನ್ನು ತನ್ನ ಕೈಯಾರೆ ಕಳಿಸಿದಂತೆ. ಅದಕ್ಕೇ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಆ ದೀಪದ ಎದುರು ಕೂರುತ್ತಿದ್ದ.

ತಿಂಗಳ ಕೊನೆ ಹತ್ತಿರವಾದಾಗ, ಎಲ್ಲರೂ ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಇಂಚರ ಒಬ್ಬಳೇ ಬಂದಳು. ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಬಹಳ ಹೊತ್ತು ಅವಳೂ ದೀಪವನ್ನೇ ನೋಡಿದಳು. ಅವನ ಅಂಗಿಯ ಜೇಬಿನಲ್ಲಿ ನನ್ನ ಆಕಾರ ಎದ್ದು ಕಾಣುತ್ತಿತ್ತು. ಅವಳ ಕಣ್ಣು ಅಲ್ಲಿಗೆ ಬಂದು ನಿಂತದ್ದು ನನಗೆ ತಿಳಿಯಿತು. ಎಷ್ಟು ದಿನದಿಂದ ಅವಳಿಗೆ ಗೊತ್ತಿತ್ತೋ ನನಗೆ ತಿಳಿಯದು. ಅವಳು ಅದರ ಮಾತೇ ಎತ್ತಲಿಲ್ಲ.

"ಸರ್, ಆವತ್ತು ಹಾಲಿನ ಬಾಗಿಲಲ್ಲಿ ನಾನಿದ್ದೆ" ಎಂದಳು. "ಮೇಡಂ ಹೊರಗೆ ಬಂದ್ರು ಸರ್. ನಾನೇ ನೋಡ್ದೆ."

ಅವನು ತಲೆಯೆತ್ತಲಿಲ್ಲ.

"ಕೈಯೆಲ್ಲ ಮಸಿ ಆಗಿತ್ತು. ನಲ್ಲೀಲಿ ತೊಳ್ಕೊಂಡ್ರು, ನನ್ನ ದುಪಟ್ಟಾಕ್ಕೇ ಒರೆಸ್ಕೊಂಡ್ರು. ಖುಷಿಯಾಗಿದ್ರು ಸರ್. 'ಕೈಗೆ ಗೊತ್ತಾಯ್ತು ಕಣೇ ಇವತ್ತು, ಸರಿಯಾಗ್ ಕೂತಿದೆ, ಯಾರೂ ಮುಟ್ಬೇಡಿ' ಅಂದ್ರು. 'ಕರೆಂಟು ಬಂದ ಕೂಡ್ಲೆ ನಮ್ಮೆಜಮಾನ್ರ ಕೈಲಿ ಒಂದ್ ಶಾಟ್ ಹೊಡೆಸ್ಬಿಡ್ತೀನಿ' ಅಂದ್ರು." ಅವಳು ಬೋರ್ಡಿನ ದೀಪದ ಕಡೆ ಕೈ ತೋರಿಸಿದಳು. "ಅವರು ಒಳಗಿಲ್ಲ ಸರ್. ಕೆಲಸ ಮುಗಿಸ್ಕೊಂಡು ಹೊರಗೆ ಬಂದ್ರು."

ಅವನು ಬಹಳ ಮೆಲ್ಲಗೆ ಕೇಳಿದ, "ನಗ್ತಿದ್ಲಾ?"

"ಹೂಂ ಸರ್. ನಗ್ತಿದ್ರು."

"ನನಗೆ ಅದು ಗೊತ್ತಿರ್ಲಿಲ್ಲ ಕಣಮ್ಮ. ನಾನು ಸಬ್‌ಸ್ಟೇಷನ್ನಲ್ಲಿದ್ದೆ" ಎಂದು ಅವನು ಜೇಬಿಗೆ ಕೈಹಾಕಿದ. ನಾನು ಹೊರಗೆ ಬಂದೆ. ಇಂಚರ ನನ್ನನ್ನು ನೋಡಿಯೂ ಆಶ್ಚರ್ಯಪಡಲಿಲ್ಲ. ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ದಾಕ್ಷಾಯಿಣಿ ಒರೆಸಿದ ಮಸಿ ಅದರ ಮೇಲೆ ಇನ್ನೂ ಇತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ಕಂಟ್ರೋಲ್ ರೂಮಿನಲ್ಲಿ ಸೇರಿದರು. ಕೀಲಿ ಎಲ್ಲಿ ಸಿಕ್ಕಿತೆಂದು ಯಾರೂ ಕೇಳಲಿಲ್ಲ. ಪದ್ಮನಾಭ ನನ್ನನ್ನು ನೋಡಿ, ಆಮೇಲೆ ಪ್ರಸಾದನನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ಪ್ರಸಾದ ನನ್ನನ್ನು ಮೂರನೆಯ ತೂತಿಗೆ ಇಟ್ಟ. ಅವನ ಬೆರಳು ಬೆವೆತು ನಾನು ಜಾರಿದೆ. ಎರಡನೆಯ ಸಲಕ್ಕೆ ಹಿಡಿತ ಸಿಕ್ಕಿತು. ನನಗೆ ಕೈ ಇದ್ದಿದ್ದರೆ ಆ ತೂತಿನ ಅಂಚನ್ನು ಹಿಡಿದು ತಿರುಗುವುದಿಲ್ಲ ಎಂದು ಹಟ ಮಾಡುತ್ತಿದ್ದೆ. ಆದರೆ ನನ್ನ ಮೈ ತಿರುಗುವುದಕ್ಕೆಂದೇ ಮಾಡಿದ್ದು. ತಿರುಗಿದೆ. ದೀಪ ಆರಿತು. ಅವನು ಒಂದು ಕ್ಷಣ ಬೋರ್ಡಿಗೆ ಕೈ ಊರಿ ನಿಂತ. ಆಮೇಲೆ ಕುರ್ಚಿಗೆ ಹೋಗಿ ಕೂತು ಎಣಿಕೆ ಹೇಳಿ ಗುಂಡಿ ಒತ್ತಿದ.

ಗೋಡೆಯಾಚೆ ದೊಡ್ಡ ದನಿಯೊಂದು ಗುಡುಗಿ ನಿಂತಿತು. ಪರದೆಯ ಮೇಲೆ ಗೀಟುಗಳು ಮೂಡಿದವು. ಮೊದಲು ಅದೇ ಹಳೆಯ ನಡುಕ. ಆಮೇಲೆ ಎಲೆಕ್ಟ್ರೋಡಿಗೆ ವೋಲ್ಟೇಜ್ ಹೋದ ಜಾಗದಲ್ಲಿ ಆ ನಡುಕ ಇದ್ದಕ್ಕಿದ್ದಂತೆ ಇಳಿದು ಗೀಟು ನೇರವಾಯಿತು. ಹಾಗೇ ಉಳಿಯಿತು. ಪ್ಲಾಸ್ಮಾ ಅದುವರೆಗೆ ಕಪಿಲೆಯಲ್ಲಿ ಬದುಕಿದ್ದಕ್ಕಿಂತ ಹೆಚ್ಚು ಹೊತ್ತು ಬದುಕಿತು. ಎಷ್ಟು ಹೆಚ್ಚು ಎಂದರೆ ನೀವು ನಗುತ್ತೀರಿ, ಇನ್ನೊಂದು ರೆಪ್ಪೆ ಬಡಿತದಷ್ಟು. ಅಷ್ಟಕ್ಕೇ ಅವಳು ತನ್ನ ಆಯಸ್ಸನ್ನೆಲ್ಲ ಹಾಕಿದ್ದಳು.

"ಸುಮ್ನಾಯ್ತು" ಎಂದ ಪ್ರಸಾದ. ಎಲ್ಲರಿಗೂ ಕೇಳುವಂತೆ ಅಂದದ್ದಲ್ಲ ಅದು. "ಸುಮ್ನಾಯ್ತು ನೋಡು ದಾಕ್ಷಿ" ಎಂದು ಮೇಜಿಗೆ ಹಣೆ ಒತ್ತಿ ಅತ್ತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ, ಸಮಾಧಿಯ ಮುಂದೆಯೂ ಅತ್ತಿರಲಿಲ್ಲ. ಉಳಿದ ದಿನಗಳಲ್ಲಿ ಅದೇ ಶಾಟನ್ನು ಮತ್ತೆ ಮತ್ತೆ ಹೊಡೆದರು. ಪ್ರತಿ ಸಲವೂ ಗೀಟು ಸುಮ್ಮನಾಯಿತು. ಎಲೆಕ್ಟ್ರೋಡನ್ನು ಯಾರೂ ಮುಟ್ಟಲಿಲ್ಲ, ಹಾಗಾಗಿ ನನ್ನನ್ನೂ ಯಾರೂ ತೆಗೆಯಲಿಲ್ಲ. ಮಾರ್ಚ್ ಮುಗಿಯಿತು.

ಆಮೇಲಿನ ಕಥೆ ಹೆಚ್ಚಿಲ್ಲ. ತಾಮ್ರದ ಸುರುಳಿಗಳನ್ನು ಬಿಚ್ಚಿ ಲಾರಿಗೆ ಹೇರಿದರು. ಉಕ್ಕಿನ ಉಂಗುರವನ್ನು ಎರಡು ಹೋಳು ಮಾಡಿದರು. ಬೋರ್ಡನ್ನು ಗೋಡೆಯಿಂದ ಕಿತ್ತು, ನಮ್ಮೈವರನ್ನೂ ಅದರಲ್ಲೇ ಬಿಟ್ಟು, ಹಿಂದಿನ ಸ್ಟೋರ್ ರೂಮಿನಲ್ಲಿ ಮುರಿದ ಕುರ್ಚಿಗಳ ನಡುವೆ ಒರಗಿಸಿದರು. ಇಂಚರ ಪಿಎಚ್‌ಡಿ ಮುಗಿಸಿ ಬೇರೆ ಊರಿಗೆ ಹೋದಳೆಂದೂ, ದೊಡ್ಡ ಯಂತ್ರದಲ್ಲಿ ಅವಳ ಮೇಡಂ ತೋರಿಸಿದ ದಾರಿಯಲ್ಲೇ ಕೆಲಸ ಮಾಡುತ್ತಿದ್ದಾಳೆಂದೂ ಕಸ ಗುಡಿಸಲು ಬರುವವರ ಮಾತಿನಿಂದ ತಿಳಿಯಿತು. ಸಂತೋಷವಾಯಿತು. ನನ್ನ ಮೈ ಕಪ್ಪಾಗಿದೆ. ಹಲ್ಲುಗಳ ನಡುವೆ ದೂಳು ಕೂತಿದೆ. ಇಲ್ಲಿ ಕೂತು ಒಂದೇ ಯೋಚನೆ ಮಾಡುತ್ತೇನೆ. ಮನುಷ್ಯರು ನನ್ನನ್ನು ಮಾಡಿದ್ದು ಒಂದು ಜೀವವನ್ನು ಉಳಿಸುವುದಕ್ಕೆ. ಹಾಲಿನೊಳಗೆ ಇದ್ದಷ್ಟು ಹೊತ್ತೂ ನಾನು ಅವಳನ್ನು ಕಾಪಾಡಿದೆ, ಒಂದು ಕೂದಲೂ ಕೊಂಕಲಿಲ್ಲ. ಕ್ಯಾಂಟೀನಿನಲ್ಲಿ ಅವಳ ಮುಷ್ಟಿಯೊಳಗೇ ಇದ್ದರೂ ನನ್ನಿಂದ ಏನೂ ಆಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸ್ಟೋರಿನ ಬಾಗಿಲು ತೆರೆಯಿತು. ಸೆಕ್ಯೂರಿಟಿಯವನ ಹಿಂದೆ ಪ್ರಸಾದ ನಿಂತಿದ್ದ. ರಿಟೈರಾಗಿದ್ದಿರಬೇಕು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕುರ್ಚಿಗಳನ್ನು ಸರಿಸಿಕೊಂಡು ಬಂದು ಬೋರ್ಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅವಳ ಹೆಸರಿನ ಮೇಲಿನ ದೂಳನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ನನ್ನನ್ನು ಹಿಡಿದು, ತಿರುಗಿಸಿ, ಮೆಲ್ಲಗೆ ಹೊರಗೆ ತೆಗೆದ.

ತೆಗೆದು ದೀಪದ ಕಡೆ ನೋಡಿದ. ಬೋರ್ಡಿಗೆ ಕರೆಂಟಿರಲಿಲ್ಲ, ಬ್ಯಾಟರಿಯನ್ನು ಯಾವತ್ತೋ ತೆಗೆದಿದ್ದರು. ಅದು ಅವನಿಗೂ ಗೊತ್ತು. ಆದರೂ ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡು ಆ ದೀಪವನ್ನೇ ನೋಡುತ್ತ ಕೂತ. ಕಾಲು ಜೋಮು ಹಿಡಿದು ಒಂದು ಸಲ ಸರಿದು ಕೂತ. ಮತ್ತೆ ನೋಡಿದ. ದೀಪ ಹತ್ತಲಿಲ್ಲ. ಕೊನೆಗೆ ನನ್ನನ್ನು ತೂತಿಗೆ ಹಾಕಿ, ನಿಯಮದಂತೆ ಪೂರ್ತಿ ತಿರುಗಿಸಿ, ಮೊಣಕಾಲು ಹಿಡಿದುಕೊಂಡು ಎದ್ದು ನಿಂತ.

ಬಾಗಿಲಲ್ಲಿ ಸೆಕ್ಯೂರಿಟಿಯವನು ಬೀಗ ಹಿಡಿದು ಕಾಯುತ್ತಿದ್ದ. "ಹಾಕ್ಬೋದಾ ಸಾರ್? ನಿಮ್ಮ ಜೊತೆ ಬಂದೋರು ಇನ್ಯಾರಾದ್ರೂ ಒಳಗವ್ರಾ?"

ಅವನು ಒಂದು ಸಲ ತಿರುಗಿ ಕೋಣೆಯೊಳಗೆ ನೋಡಿದ.

"ಇಲ್ಲಪ್ಪ, ಯಾರೂ ಇಲ್ಲ" ಎಂದ. "ಹಾಕು."